ಸಭಾಧ್ಯಕ್ಷರ ಎಡಗಡೆ ಕೂತವರು

ತೀರ್ಥಹಳ್ಳಿಯಲ್ಲಿ ಕೆಲವು ಗೆಳೆಯರು ಸೇರಿ ಇಟ್ಟುಕೊಂಡಿದ್ದ ಸಂಜೆಯ ಮಾತುಕತೆಯಲ್ಲಿ ಆಡಿದ್ದಿದು. ಅವತ್ತು ಮಳೆ ಜೋರು, ಮೇಲೆ ತಗಡಿನ ಮಾಡು. ಹಿಂದಿನ ಸಾಲಿನವರಿಗೆ ಅರ್ಧ ಮಾತು ಕೇಳಿಸಲೇ ಇಲ್ಲವಂತೆ, ಹಾಗಾಗಿ ಬರೆದುಕೊಡಿ ಅಂದರು. ಬರೆಯುವಾಗ ಒಂದೆರಡು ಕಡೆ ಬೆಳೆಸಿದ್ದೇನೆ, ಒಂದು ಕಡೆ ಬೈದದ್ದನ್ನು ತೆಗೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ವಿರೋಧ ಪಕ್ಷದವರು ಅಧಿಕಾರಕ್ಕೆ ಹೇಗೆ ತಯಾರಾಗಬೇಕು ಅನ್ನುವ ವಿಷಯ ಕೊಟ್ಟಿದ್ದಾರೆ. ಇದಕ್ಕೆ ರಾಜ್ಯಶಾಸ್ತ್ರದ ಮೇಷ್ಟ್ರನ್ನು ಕರೆಯಬೇಕಿತ್ತು. ನಾನು 1983ರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ತಾಲೂಕು ಕಚೇರಿಗೆ ಸೇರಿ, ಶಿರಸ್ತೇದಾರನಾಗಿ ನಿವೃತ್ತನಾದವನು. ಸರ್ಕಾರಗಳು ಬಂದದ್ದು ಹೋದದ್ದನ್ನೆಲ್ಲ ರೆಕಾರ್ಡ್ ರೂಮಿನ ಬಾಗಿಲಲ್ಲಿ ನಿಂತು ನೋಡಿದವನು. ಅಲ್ಲಿಂದ ಕಂಡಷ್ಟು ಹೇಳುತ್ತೇನೆ.

ಹೊಸ ಸರ್ಕಾರ ಬಂತು ಅನ್ನುವುದು ನಮ್ಮ ಕಚೇರಿಗೆ ತಿಳಿಯುತ್ತಿದ್ದದ್ದು ಎರಡು ಗುರುತಿನಿಂದ. ಸಾಹೇಬರ ಕೋಣೆಯಲ್ಲಿ ಮುಖ್ಯಮಂತ್ರಿಗಳ ಫೋಟೋ ಬದಲಾಗುತ್ತಿತ್ತು, ಅದರ ಹಿಂದೆಯೇ ವರ್ಗಾವಣೆ ಪಟ್ಟಿ ಬರುತ್ತಿತ್ತು. ಆಮೇಲೆ ಆರು ತಿಂಗಳು ಬೇರೇನೂ ಬರುತ್ತಿರಲಿಲ್ಲ. ಗೆದ್ದ ಶಾಸಕರ ಮನೆ ಅಂಗಳದಲ್ಲಿ ಬೆಳಿಗ್ಗೆ ಬೆಳಿಗ್ಗೆ ನಿಂತಿರುತ್ತಿದ್ದವರಲ್ಲಿ ಮುಕ್ಕಾಲು ಪಾಲು ವರ್ಗಾವಣೆ ಗಿರಾಕಿಗಳು. ಸುಳ್ಳು ಯಾಕೆ, ಒಂದು ಸಲ ನಾನೂ ನಿಂತಿದ್ದೆ.

ಆ ಆರು ತಿಂಗಳು ಹೊಸಬರು ಕಲಿಯುತ್ತಿದ್ದರು. ಯಾವ ಆದೇಶಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ಯಾವುದು ಡಿ.ಸಿ. ಹಂತದಲ್ಲೇ ಮುಗಿಯುತ್ತದೆ, ಯಾವುದಕ್ಕೆ ದಿಲ್ಲಿಗೆ ಬರೆಯಬೇಕು ಅನ್ನುವುದನ್ನೆಲ್ಲ ಕುರ್ಚಿಯಲ್ಲಿ ಕೂತ ಮೇಲೆ ಕಲಿಯುತ್ತಿದ್ದರು. ಗದ್ದೆ ಮಾಡುವವರಿಗೆ ಇದು ವಿಚಿತ್ರ ಅನ್ನಿಸಬೇಕು. ನೆಟ್ಟಿಯ ಹೊತ್ತಿಗೆ ಅಗೆ, ಅಂದರೆ ಭತ್ತದ ಸಸಿ, ತಯಾರಿರಬೇಕಲ್ಲ! ಗದ್ದೆ ಹೂಡಿ, ನೀರು ಕಟ್ಟಿ, ಆಳು ಕರೆದ ಮೇಲೆ ಬೀಜ ನೆನೆಹಾಕುವವನನ್ನು ಕಂಡರೆ ಊರೇ ನಗುತ್ತದೆ. ಹೊರಗೆ ಕೂತ ಐದು ವರ್ಷದಲ್ಲಿ ಅಗೆ ಬೆಳೆಸಿಟ್ಟುಕೊಂಡವರು ಎಷ್ಟು ಜನ? ಇವತ್ತು ನಾನು ಕೇಳುವುದು ಇದೊಂದನ್ನೇ.

ಕೇಳುವುದಕ್ಕೆ ಶಿವಮೊಗ್ಗದಂಥ ಜಿಲ್ಲೆ ಇನ್ನೊಂದಿಲ್ಲ. ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ, ಹೀಗೆ ನಾಲ್ವರು ಮುಖ್ಯಮಂತ್ರಿಗಳು ನಮ್ಮವರು. ಪಟೇಲರ ಚನ್ನಗಿರಿ ಈಗ ದಾವಣಗೆರೆಗೆ ಸೇರಿದೆ. 1997ರಲ್ಲಿ ಹಾಗೆ ಸೇರಿಸಿದ್ದು ಅವರದೇ ಸರ್ಕಾರ. ಗಡಿ ಬದಲಾದದ್ದು ಒಂದು ದಿನದಲ್ಲಿ, ಕಡತ ವಿಂಗಡಿಸಿ ಗಂಟು ಕಟ್ಟುವ ಕೆಲಸ ನಮ್ಮಂಥವರ ತಲೆಗೆ ಎಷ್ಟೋ ದಿನ ಅಂಟಿಕೊಂಡಿತ್ತು, ಆ ಮಾತು ಬಿಡಿ. ಮಂಜಪ್ಪನವರನ್ನು ಬಿಟ್ಟರೆ ಉಳಿದ ಮೂವರೂ ಸಭಾಧ್ಯಕ್ಷರ ಎಡಗಡೆಯ, ಅಂದರೆ ವಿರೋಧ ಪಕ್ಷದ ಬೆಂಚಿನಲ್ಲಿ ಬೆಳೆದವರು. ಯಡಿಯೂರಪ್ಪನವರು ಶಿಕಾರಿಪುರದಿಂದ ಶಾಸಕರಾದದ್ದು 1983ರಲ್ಲಿ, ಅಧಿಕಾರದ ಕುರ್ಚಿ ಕಂಡದ್ದು 2006ರಲ್ಲಿ. ನಾನು ನೌಕರಿಗೆ ಸೇರಿದ ವರ್ಷ ಸದನಕ್ಕೆ ಹೋದವರು, ನನಗೆ ಎರಡು ಬಡ್ತಿ ಸಿಗುವಷ್ಟರಲ್ಲಿ ಮಂತ್ರಿಯಾದರು. ಭಾಗ್ಯಲಕ್ಷ್ಮಿ ಬಾಂಡು, ಶಾಲೆ ಮಕ್ಕಳಿಗೆ ಸೈಕಲ್ಲು, ಆಮೇಲೆ 2011ರಲ್ಲಿ ಪ್ರತ್ಯೇಕ ಕೃಷಿ ಬಜೆಟ್ಟು. ಇವುಗಳ ಹಿಂದೆ ಇಪ್ಪತ್ತು ವರ್ಷ ಊರೂರು ಸುತ್ತಿದ ಅನುಭವ ಇಲ್ಲ ಅನ್ನಲು ನನಗೆ ಮನಸ್ಸಿಲ್ಲ. ಊರು ಸುತ್ತಿ ಬಂದ ತಿಳಿವಳಿಕೆಯೇ ಬೇರೆ, ಕಡತದ ತಿಳಿವಳಿಕೆಯೇ ಬೇರೆ ಅನ್ನುವುದೂ ಅಷ್ಟೇ ನಿಜ.

ಆದರೆ ನನಗೆ ಹೆಚ್ಚು ಹೊತ್ತು ಮಾತಾಡಬೇಕೆನಿಸುವುದು ಎಂದೂ ಮಂತ್ರಿಯಾಗದ ಒಬ್ಬರ ಬಗ್ಗೆ. ಅವರ ಊರು ಇಲ್ಲೇ, ಆರಗ. ಸಮಾಜವಾದಿ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ. ಐವತ್ತು ತುಂಬುವ ಮೊದಲೇ, 1972ರಲ್ಲಿ ಹೋಗಿಬಿಟ್ಟರು.

1951ರ ಏಪ್ರಿಲ್‌ನಲ್ಲಿ ಕಾಗೋಡಿನ ಗೇಣಿದಾರರು ಗದ್ದೆಗಿಳಿದ ಕತೆ ನಿಮಗೆಲ್ಲ ಗೊತ್ತು. ಗಣಪತಿಯಪ್ಪನವರು ಕಟ್ಟಿದ ಸಂಘ, ಸಮಾಜವಾದಿಗಳು ಬೆನ್ನಿಗೆ ನಿಂತದ್ದು, ಲೋಹಿಯಾ ಬಂದು ಬಂಧನಕ್ಕೊಳಗಾದದ್ದು. ಜಗಳದ ಬೇರಿನಲ್ಲಿ ಇದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆಸಿಕೊಳ್ಳುವಾಗ ಧಣಿಗಳು ತರುವ ಕೊಳಗ ವಾಡಿಕೆಯದಕ್ಕಿಂತ ದೊಡ್ಡದು ಅನ್ನುವುದು ರೈತರ ದೂರು. ಅನ್ಯಾಯ ಅಂತ ಬರೀ ಕೂಗಿದರೆ ಯಾವ ಸರ್ಕಾರವೂ ತಲೆಕೆಡಿಸಿಕೊಳ್ಳುವುದಿಲ್ಲ. ಯಾವ ಪಾತ್ರೆಯಲ್ಲಿ, ಎಷ್ಟು ಹೆಚ್ಚಿಗೆ ಹೋಗುತ್ತಿದೆ ಅಂತ ತೋರಿಸಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಕಾಗೋಡಿನವರ ಕೈಯಲ್ಲಿ ಅಳತೆ ಇತ್ತು.

ಈಗ ಅಲ್ಲಿಂದ 1974ಕ್ಕೆ ಬನ್ನಿ. ಅದಕ್ಕೆ ಮೊದಲು ಇದ್ದ 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದೇ 1965ರ ಅಕ್ಟೋಬರ್ 2ಕ್ಕೆ. ಅದರಲ್ಲಿ ಸ್ವಂತ ಸಾಗುವಳಿಗೆ ಬೇಕು ಅಂತ ಧಣಿ ಜಮೀನು ವಾಪಸ್ ಕೇಳಬಹುದಿತ್ತು. ತಕರಾರಾದರೆ ಗೇಣಿದಾರ ಕೋರ್ಟು ಹತ್ತಬೇಕಿತ್ತು. ಅಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದಕ್ಕೆ ಮಲೆನಾಡಿನಲ್ಲಿ ಯಾರೂ ಪಂಚಾಂಗ ಕೇಳಬೇಕಾಗಿರಲಿಲ್ಲ. ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಈ ಎರಡು ತೂತೂ ಮುಚ್ಚಿದ್ದವು. ಗೇಣಿ ಜಮೀನೆಲ್ಲ ಆ ತಾರೀಖಿಗೆ ಸರ್ಕಾರಕ್ಕೆ ಸೇರಿತು. ಗೇಣಿದಾರ ಫಾರಂ 7 ತುಂಬಿಕೊಟ್ಟರೆ ಸಾಕು, ಭೂನ್ಯಾಯ ಮಂಡಳಿ ತೀರ್ಮಾನ ಮಾಡುತ್ತಿತ್ತು. ಎ.ಸಿ. (ಉಪವಿಭಾಗಾಧಿಕಾರಿ) ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಆ ನಾಲ್ವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ ಅಂತ ಮೊದಮೊದಲು ಕಾಯ್ದೆಯಲ್ಲೇ ಬರೆದಿತ್ತು. ಆ ಸಾಲು ಬರೆದವರಿಗೆ ಕೋರ್ಟಿನ ಜಗಲಿಯಲ್ಲಿ ಗೇಣಿದಾರ ಹೇಗೆ ನಿಲ್ಲುತ್ತಾನೆ, ಧಣಿಯ ವಕೀಲ ಹೇಗೆ ನಿಲ್ಲುತ್ತಾನೆ ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಕಾಯ್ದೆ ಗೋಪಾಲಗೌಡರದ್ದಲ್ಲ, ಅದನ್ನು ನೋಡಲು ಅವರು ಇರಲೂ ಇಲ್ಲ. ಆದರೆ ಇಪ್ಪತ್ತು ವರ್ಷ ಸಮಾಜವಾದಿಗಳು ಸದನದ ಒಳಗೂ ಹೊರಗೂ ಗೇಣಿಯನ್ನೇ ಹಿಡಿದು ಜಗ್ಗಿರದಿದ್ದರೆ, ಹಳೇ ಕಾಯ್ದೆ ಎಲ್ಲೆಲ್ಲಿ ಸೋರುತ್ತದೆ ಅನ್ನುವುದು ಅರಸರ ಕಾಲಕ್ಕೆ ಅಷ್ಟು ಬಿಚ್ಚಿಟ್ಟ ಹಾಗೆ ಇರುತ್ತಿರಲಿಲ್ಲ. ಅದೇ ಕಾಗೋಡಿನ ತಿಮ್ಮಪ್ಪನವರು 2016ರಲ್ಲಿ ಕಂದಾಯ ಮಂತ್ರಿಯಾದಾಗ ನಾನು ನಿವೃತ್ತನಾಗಿದ್ದೆ. ಹಳೇ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, "ಈಗ ಸುಮ್ನೆ ಉತ್ರ ಬರ್ದು ಕಳ್ಸೋ ಹಾಗಿಲ್ಲ ಮಾರಾಯ್ರೆ, ಮಂತ್ರಿಗಳಿಗೇ ಪಹಣಿ ಓದೋಕೆ ಬರುತ್ತೆ" ಅಂದಿದ್ದರು.

ನಾನು ಸೇರಿದಾಗ ನಮ್ಮ ರೆಕಾರ್ಡ್ ರೂಮಿನಲ್ಲಿ ಫಾರಂ 7ರ ಕಂತೆಗಳು ಇನ್ನೂ ಎದೆಮಟ್ಟ ಇದ್ದವು. ಮಳೆಗಾಲದಲ್ಲಿ ಬೂಸ್ಟು ಹಿಡಿದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು, ಉಗುರಿನಿಂದ ಮೆಲ್ಲಗೆ ಬಿಡಿಸಬೇಕು. ಕೆಳಗೆ ನೀಲಿ ಹೆಬ್ಬೆಟ್ಟು. ಕಾಯ್ದೆ ಅಂದರೆ ಏನು ಅಂತ ಹೊಸದಾಗಿ ಸೇರಿದ ಹುಡುಗನಿಗೆ ಗೊತ್ತಾದದ್ದು ಅಲ್ಲಿ.

ಸಿದ್ಧತೆ ಅಂದ ಕೂಡಲೇ ಎಲ್ಲವನ್ನೂ ತಾವೇ ಹೊಸದಾಗಿ ಬರೆಯಬೇಕು ಅಂತಿಲ್ಲ. 1977ರಲ್ಲಿ ದಿಲ್ಲಿಯ ಜನತಾ ಸರ್ಕಾರ ಪಂಚಾಯತಿಗಳ ಬಗ್ಗೆ ಅಶೋಕ್ ಮೆಹ್ತಾ ಸಮಿತಿ ನೇಮಿಸಿತು, ಮರುವರ್ಷ ವರದಿ ಬಂತು, ಅದರ ಮರುವರ್ಷ ಸರ್ಕಾರವೇ ಬಿತ್ತು. ಅಲ್ಲಿಗೆ ಅದು ಕಪಾಟಿಗೆ ಹೋಗಬೇಕಾದ ಕಾಗದ. ಆದರೆ 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ, ಪಂಚಾಯತ್ ಖಾತೆಯ ಅಬ್ದುಲ್ ನಜೀರ್ ಸಾಬರು ಆ ಕಾಗದವನ್ನು ಕೆಳಗಿಳಿಸಿದರು. ಅದೇ ವರ್ಷ ಮಸೂದೆ ಆಯಿತು. ದಿಲ್ಲಿಯ ಅಂಕಿತಕ್ಕೆ 1985ರ ವರೆಗೆ ಕಾದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆ ನಡೆಯಿತು. ಹೆಂಗಸರಿಗೆ ನೂರಕ್ಕೆ 25 ಸ್ಥಾನ. ಪಂಚಾಯತಿಗಳಿಗೆ ದೇಶಕ್ಕೆಲ್ಲ ಒಂದು ಚೌಕಟ್ಟು ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಆಗ ಇನ್ನೂ ದೂರ.

ಜನ ಅವರನ್ನು ನೀರ್ ಸಾಬ್ ಅಂತ ಬೋರ್‌ವೆಲ್ಲಿನಿಂದ ನೆನೆಯುತ್ತಾರೆ. ನಮ್ಮಂಥ ನೌಕರರು ನೆನೆಯುವುದು ಬೇರೆ ಒಂದು ಕಾರಣಕ್ಕೆ. ಜಿಲ್ಲಾ ಪರಿಷತ್ತಿಗೆ ಅವರು ತಂದು ಕೂರಿಸಿದ ಮುಖ್ಯ ಕಾರ್ಯದರ್ಶಿ ಡಿ.ಸಿ.ಗಿಂತ ಹಿರಿಯ ಐಎಎಸ್ ಅಧಿಕಾರಿ. ಆಹಾ, ಎಷ್ಟು ಸಣ್ಣ ಬದಲಾವಣೆ ನೋಡಿ! ಆದರೆ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಸಭೆಯಲ್ಲಿ ಯಾರು ಬಂದರೆ ಯಾರು ಎದ್ದು ನಿಲ್ಲುತ್ತಾರೆ ಅನ್ನುವುದರ ಮೇಲೆ ಅಧಿಕಾರ ಎಲ್ಲಿದೆ ಅಂತ ಹೇಳಬಹುದು. ಚುನಾಯಿತರಿಗೆ ಅಧಿಕಾರ ಕೊಟ್ಟೆವು ಅಂತ ಭಾಷಣ ಮಾಡಿದ್ದರೆ ಡಿ.ಸಿ. ಕಚೇರಿ ಅಲುಗುತ್ತಿರಲಿಲ್ಲ. ಇದಕ್ಕೆ ಅಲುಗಿತು.

ಇನ್ನು ನಾನೇ ಕಣ್ಣಾರೆ ಕಂಡ ಒಂದು ಸಂಗತಿ. ತಾಲೂಕಿನ ಹೆಸರು ಬೇಡ, ಮನುಷ್ಯನ ಹೆಸರೂ ಬೇಡ. ಚುನಾವಣೆಯಲ್ಲಿ ಸೋತ ಒಬ್ಬರು ನಮ್ಮ ಕಚೇರಿಗೆ ಬರತೊಡಗಿದರು. ಸೋತವರು ಬರುವುದು ಹೊಸದಲ್ಲ, ಯಾರದೋ ಖಾತೆ ಬದಲಾವಣೆ, ಯಾರದೋ ಪಿಂಚಣಿ ಅಂತ ಬರುತ್ತಾರೆ. ಇವರು ಬಂದು ನನ್ನ ಮೇಜಿನ ಎದುರು ಕೂತು, "ಈ ಬಗರ್ ಹುಕುಂ ಅರ್ಜಿ ನಿಮ್ಮ ಮೇಜಿಂದ ಎಲ್ಲಿಗೆ ಹೋಗುತ್ತೆ ಸಾರ್?" ಅಂದರು. ಸರ್ಕಾರಿ ಜಮೀನನ್ನು ಅಪ್ಪಣೆಯಿಲ್ಲದೆ ಸಾಗುವಳಿ ಮಾಡಿಕೊಂಡು ಬಂದವರು ಸಕ್ರಮ ಮಾಡಿಕೊಡಿ ಅಂತ ಹಾಕುವ ಅರ್ಜಿ ಅದು. ಆರ್.ಐ. (ಕಂದಾಯ ನಿರೀಕ್ಷಕರು) ಹತ್ರ ಅಂದೆ. "ಅಲ್ಲಿಂದ?" ಅಂದರು. ಮೇಜಿನ ಮೇಲೆ ಯಾರದೋ ಮದುವೆ ಕಾಗದ ಬಿದ್ದಿತ್ತು. ಅದನ್ನು ಮಗುಚಿ ಬರೆದುಕೊಳ್ಳತೊಡಗಿದರು.

ಅರ್ಜಿ ಸ್ವೀಕಾರ. ವಿಷಯ ನಿರ್ವಾಹಕ. ಗ್ರಾಮ ಲೆಕ್ಕಿಗರ ಸ್ಥಳ ತನಿಖೆ, ಮಹಜರು. ಆರ್.ಐ. ವರದಿ. ಸರ್ವೆಯವರ ನಕ್ಷೆ. ಅರಣ್ಯ ಇಲಾಖೆಯ ಅಭಿಪ್ರಾಯ. ಸಮಿತಿಯ ಸಭೆ. ತಹಶೀಲ್ದಾರರ ಮಂಜೂರಾತಿ. ಕಿಮ್ಮತ್ತು ಕಟ್ಟುವುದು. ಸಾಗುವಳಿ ಚೀಟಿ. ಕೊನೆಗೆ ಪಹಣಿಯಲ್ಲಿ ಹೆಸರು. ಹನ್ನೊಂದು ನಿಲ್ದಾಣ. ಬರೆದು ಮುಗಿಸಿ, "ಇದರಲ್ಲಿ ಬಸ್ಸು ಕೆಟ್ಟು ನಿಲ್ಲೋದು ಎಲ್ಲಿ?" ಅಂತ ಕೇಳಿದರು. ನನ್ನ ಸರ್ವೀಸಿನಲ್ಲಿ ಯಾವ ರಾಜಕಾರಣಿಯೂ ಅಲ್ಲಿಯವರೆಗೆ ಕೇಳಿರದ ಪ್ರಶ್ನೆ. ಆರನೇದರಲ್ಲಿ ಅಂದೆ. ನಮ್ಮ ದಾಖಲೆಯಲ್ಲಿ ಗೋಮಾಳ ಅಂತಿರುವುದು ಅರಣ್ಯದವರ ನಕ್ಷೆಯಲ್ಲಿ ಕಾಡು. ಎರಡು ಇಲಾಖೆಯವರು ಒಂದೇ ದಿನ, ಒಂದೇ ಜಾಗದಲ್ಲಿ ನಿಂತು ಅಳೆಯದ ಹೊರತು ಆ ಕಡತ ಮೇಲೇಳುವುದಿಲ್ಲ.

ಮುಂದಿನ ಚುನಾವಣೆಯಲ್ಲಿ ಅವರು ಗೆದ್ದರು, ಅವರ ಪಕ್ಷ ಗೆಲ್ಲಲಿಲ್ಲ. ಇಲ್ಲೊಂದು ವಿಷಯ ತಿಳಿದಿರಬೇಕು. ಬಗರ್ ಹುಕುಂ ಸಮಿತಿಗೆ ಅಧ್ಯಕ್ಷರು ಆ ಕ್ಷೇತ್ರದ ಶಾಸಕರು, ತಹಶೀಲ್ದಾರ್ ಕಾರ್ಯದರ್ಶಿ. ಅಂದರೆ ವಿರೋಧ ಪಕ್ಷದ ಶಾಸಕನಿಗೂ ನಿಜವಾದ ಸರ್ಕಾರದ ಒಂದು ತುಂಡು ಕೈಗೆ ಸಿಗುತ್ತದೆ. ಮೊದಲ ಸಭೆಗೆ ಬಂದವರು ಜೇಬಿನಿಂದ ಆ ಮದುವೆ ಕಾಗದ ತೆಗೆದರು. ಒಟ್ಟು ಎಷ್ಟು ಬಾಕಿ ಅಂತ ಕೇಳಲೇ ಇಲ್ಲ. "ಆರನೇ ನಿಲ್ದಾಣದಲ್ಲಿ ಎಷ್ಟು?" ಅಂದರು. ತಹಶೀಲ್ದಾರರಿಗೆ ಅರ್ಥವಾಗಲಿಲ್ಲ, ನನಗೆ ಆಯಿತು. ಶನಿವಾರ ಶನಿವಾರ ಜಂಟಿ ಸರ್ವೆ ಅಂತ ಗೊತ್ತು ಮಾಡಿದರು. ಎರಡೂ ಇಲಾಖೆಯವರ ಜೊತೆ ಉಂಬಳ ಕಚ್ಚಿಸಿಕೊಂಡು ತಾವೂ ಗುಡ್ಡ ಹತ್ತಿದರು.

ಕತೆ ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಅದರ ಮುಂದಿನ ಸಲ ಅವರ ಪಕ್ಷವೇ ಅಧಿಕಾರಕ್ಕೆ ಬಂತು. ಅವರ ಅಂಗಳದಲ್ಲೂ ಕಾರುಗಳು ನಿಂತವು. ಶನಿವಾರ ಅವರು ಬೆಂಗಳೂರಿನಲ್ಲಿರುತ್ತಿದ್ದರು.

ಇದೇ ಆರನೇ ನಿಲ್ದಾಣವನ್ನು ಜಿಲ್ಲೆಯ ಮಟ್ಟಕ್ಕೆ ಹಿಗ್ಗಿಸಿದರೆ ಶರಾವತಿ ಮುಳುಗಡೆಯವರ ಸಮಸ್ಯೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಎದ್ದು ಬಂದವರಿಗೆ ತೋರಿಸಿದ ಜಾಗದಲ್ಲಿ ಬಹಳಷ್ಟು ಕಾಡು. ಅದನ್ನು ಕಾಗದದಲ್ಲಿ ಕಾಡಿನಿಂದ ಬಿಡಿಸುವ ಕೆಲಸ ಆಗ ಸರಿಯಾಗಿ ಆಗಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ರಾಜ್ಯದವರು ಒಪ್ಪಿಗೆ ಪಡೆಯದೆ ಮಾಡಿದ ಡಿನೋಟಿಫಿಕೇಶನ್‌ಗಳನ್ನು ಹೈಕೋರ್ಟು 2021ರಲ್ಲಿ ರದ್ದು ಮಾಡಿತು. ಹಕ್ಕುಪತ್ರ ಸಿಕ್ಕಿತು ಅಂದುಕೊಂಡವರು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತರು.

2022ರ ಕೊನೆಗೆ, ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಇದೇ ವಿಷಯಕ್ಕೆ ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆ ಮಾಡಿತು. ಆಗ ಅಧಿಕಾರದಲ್ಲಿದ್ದ ಬಿಜೆಪಿಯವರೂ ಅದಕ್ಕೆ ಮೊದಲೇ ಪರಿಹಾರ ಕೊಟ್ಟೇ ಕೊಡುತ್ತೇವೆ ಅಂದಿದ್ದರು. ಪಾದಯಾತ್ರೆ ಬೇಡ ಅನ್ನುವವನಲ್ಲ ನಾನು. 2010ರಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಬಳ್ಳಾರಿಗೆ ನಡೆದರು, ಆ ನಡಿಗೆ 2013ರಲ್ಲಿ ಅವರನ್ನು ಎಲ್ಲಿಗೆ ತಲುಪಿಸಿತು ಅನ್ನುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ಮುಳುಗಡೆಯ ಗಂಟು ಕಾಲಿಗೆ ಬಿಚ್ಚುವಂಥದ್ದಲ್ಲ. ಯಾವ ಸರ್ವೆ ನಂಬರು, ಎಷ್ಟು ಎಕರೆ, 1980ಕ್ಕೆ ಮೊದಲೇ ಸಾಗುವಳಿ ಇತ್ತು ಅನ್ನಲು ಯಾವ ಕಾಗದ, ದಿಲ್ಲಿಗೆ ಕಳಿಸುವ ಪ್ರಸ್ತಾವನೆಯಲ್ಲಿ ಏನೇನು ಲಗತ್ತಿಸಬೇಕು ಅನ್ನುವ ಕಡತ ಒಂದು ಕೈಯಲ್ಲಿರಬೇಕು. ಆ ಕಡತವನ್ನು ಹೊರಗಿದ್ದಾಗಲೇ ಕಟ್ಟಬಹುದು. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ, ಅರ್ಜಿಗೆ ಹತ್ತು ರೂಪಾಯಿ. ಕಟ್ಟುವವರಿಗೆ ಪುರಸೊತ್ತಿಲ್ಲ, ಅಷ್ಟೇ.

ಗ್ಯಾರಂಟಿಗಳ ಬಗ್ಗೆ ಮಾತಾಡದೆ ಇವತ್ತು ಈ ವಿಷಯ ಮುಗಿಯುವುದಿಲ್ಲ ಅಂತ ಗೊತ್ತು. ಐದೂ ಗ್ಯಾರಂಟಿಗಳು ಕಾಂಗ್ರೆಸ್ಸಿನವರು ವಿರೋಧ ಪಕ್ಷದಲ್ಲಿದ್ದಾಗ ಮಾಡಿದ ಘೋಷಣೆಗಳು. ಸರ್ಕಾರ ಬಂದದ್ದು 2023ರ ಮೇ 20ಕ್ಕೆ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದದ್ದು ಜೂನ್ 11ಕ್ಕೆ. ಮೂರೇ ವಾರ. ಯಾಕೆ ಸಾಧ್ಯವಾಯಿತು? ಬಸ್ಸು ಆಗಲೇ ಓಡುತ್ತಿತ್ತು, ಕಂಡಕ್ಟರ್ ಆಗಲೇ ಇದ್ದ. ಶೂನ್ಯ ಮೊತ್ತದ ಟಿಕೆಟ್ ಹರಿಯುವುದಷ್ಟೇ ಹೊಸದು. ಅನ್ನಭಾಗ್ಯಕ್ಕೆ ಬನ್ನಿ. ಹತ್ತು ಕೆ.ಜಿ. ಅಕ್ಕಿ ಅಂದಿದ್ದರು. ಹೆಚ್ಚುವರಿ ಐದು ಕೆ.ಜಿ.ಯನ್ನು ಆಹಾರ ನಿಗಮದಿಂದ ಕೊಳ್ಳೋಣ ಅಂತ ಹೊರಟಾಗ, ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಮಾರಾಟವನ್ನು ಕೇಂದ್ರ ಜೂನ್‌ನಲ್ಲಿ ನಿಲ್ಲಿಸಿಬಿಟ್ಟಿತು. ಕೊನೆಗೆ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಕೇಂದ್ರ ಮಾಡಿದ್ದು ರಾಜಕೀಯ ಅಂತ ಒಂದು ವಾದ. ಇರಲಿ, ಒಪ್ಪೋಣ. ಆದರೂ ಎದುರಾಳಿಯ ಕೈಯಲ್ಲಿ ಕೀಲಿ ಇರುವ ಕಣಜದಿಂದ ಅಕ್ಕಿ ತರುತ್ತೇನೆ ಅನ್ನುವಾಗ, ಬಾಗಿಲು ತೆಗೆಯದಿದ್ದರೆ ಎಲ್ಲಿಂದ ತರಲಿ ಅಂತ ಪ್ರಣಾಳಿಕೆ ಬರೆಯುವ ರಾತ್ರಿಯೇ ಯಾರಾದರೂ ಕೇಳಬೇಕಿತ್ತು. ಎಷ್ಟೋ ಬಜೆಟ್ ಮಂಡಿಸಿದ ಅನುಭವಿಗಳಿದ್ದ ಪಕ್ಷ ಅದು.

ಶಕ್ತಿ ಬೇಗ ಆಯಿತು ಅಂದೆ. ನಮ್ಮ ಮಲೆನಾಡಿನಲ್ಲಿ ಅರ್ಧಂಬರ್ಧ ಆಯಿತು. ಇಲ್ಲಿ ಒಳಗಿನ ಊರುಗಳಿಗೆ ಓಡುವುದು ಬಹುಪಾಲು ಖಾಸಗಿ ಬಸ್ಸು. ಅದರಲ್ಲಿ ಉಚಿತ ಇಲ್ಲ. ನನ್ನ ತಂಗಿಯ ಮನೆ ಹೊಸನಗರದ ಕಡೆ, ಅವರ ಊರಿಗೆ ದಿನಕ್ಕೆ ಬರುವ ಎರಡು ಬಸ್ಸೂ ಖಾಸಗಿಯವು. "ಅಣ್ಣ, ಧರ್ಮಸ್ಥಳಕ್ಕೆ ಹೋಗೋಕೆ ದುಡ್ಡಿಲ್ಲ, ನಮ್ಮನೆಯಿಂದ ಮೇನ್ ರೋಡಿಗೆ ಬರೋಕೆ ಟಿಕೆಟ್ಟು" ಅಂತಾಳೆ. ಬೆಂಗಳೂರಿನಲ್ಲಿ ಕೂತು ಪ್ರಣಾಳಿಕೆ ಬರೆದ ಕೋಣೆಯಲ್ಲಿ ಮಲೆನಾಡಿನವರು ಇರಲಿಲ್ಲವೋ, ಇದ್ದೂ ಬಾಯಿ ಬಿಡಲಿಲ್ಲವೋ! ಇನ್ನೊಂದು ಗ್ಯಾರಂಟಿ, ಓದಿ ಕೆಲಸ ಸಿಗದವರಿಗೆ ಭತ್ಯೆ ಕೊಡುವ ಯುವನಿಧಿಯನ್ನು 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ, ಹಳೇ ಜೈಲಿನ ಮೈದಾನದಲ್ಲಿ ಉದ್ಘಾಟಿಸಿದರು. ಅವತ್ತು ನೋಡಲು ಹೋದ ಹುಡುಗರು ಬಸ್ಸಿಗೆ ಎಷ್ಟು ಕೊಟ್ಟರು ಅಂತ ಕೇಳುವ ಆಸೆ ನನಗೆ.

ಇದು ಒಂದು ಪಕ್ಷದ ಮಾತಲ್ಲ. 2023ರ ಮೇ 13ಕ್ಕೆ ಫಲಿತಾಂಶ ಬಂತು. 66 ಸ್ಥಾನ ಗೆದ್ದ ಬಿಜೆಪಿ ವಿರೋಧ ಪಕ್ಷದ ನಾಯಕನನ್ನು ಆರಿಸಿದ್ದು ನವೆಂಬರ್ 17ಕ್ಕೆ. ಆರು ತಿಂಗಳು! ನಡುವೆ ಜುಲೈ 7ರಂದು ಮೂರು ಲಕ್ಷದ ಇಪ್ಪತ್ತೇಳು ಸಾವಿರ ಕೋಟಿ ರೂಪಾಯಿ ದಾಟಿದ ಬಜೆಟ್ ಮಂಡನೆಯಾಯಿತು. ಆ ಅಧಿವೇಶನ ಪೂರ್ತಿ ಎಡಗಡೆಯ ಮೊದಲ ಕುರ್ಚಿ ಖಾಲಿ. ನೆರೆಮನೆಯವನು ಅಗೆ ಹಾಕುವಾಗ ಈತ ತನ್ನ ಮನೆಯಲ್ಲಿ ಯಜಮಾನ ಯಾರು ಅಂತ ಜಗಳವಾಡುತ್ತಿದ್ದ ಹಾಗಾಯಿತು.

ಇಂಗ್ಲೆಂಡಿನ ಮಾತನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅಲ್ಲಿಯದನ್ನು ಇಲ್ಲಿಗೆ ಹಾಗೇ ತಂದು ನೆಟ್ಟರೆ ಬೇರು ಬಿಡುವುದಿಲ್ಲ. ಅಲ್ಲಿ ವಿರೋಧ ಪಕ್ಷದ ನಾಯಕನಿಗೆ 1937ರಿಂದ ಕಾನೂನಿನಂತೆ ಸಂಬಳವಿದೆ. ಪ್ರತಿ ಮಂತ್ರಿಗೂ ಎದುರಾಗಿ ನೆರಳು ಮಂತ್ರಿ ಒಬ್ಬರಿರುತ್ತಾರೆ. ಚುನಾವಣೆ ಹತ್ತಿರ ಬಂದಾಗ, ಪ್ರಧಾನಿಯ ಒಪ್ಪಿಗೆಯಿಂದ, ಆ ನೆರಳು ಮಂತ್ರಿಗಳು ಇಲಾಖೆಯ ಹಿರಿಯ ಅಧಿಕಾರಿಗಳ ಜೊತೆ ಗುಟ್ಟಾಗಿ ಕೂತು ಮಾತಾಡುವ ರೂಢಿ 1964ರಿಂದ ನಡೆದುಬಂದಿದೆ. ನಾವು ಬಂದರೆ ಇದು ಮಾಡಬೇಕೆಂದಿದ್ದೇವೆ ಅಂತ ಇವರು ಹೇಳುತ್ತಾರೆ, ಅವರು ಕೇಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ಒಬ್ಬ ಇಲಾಖಾ ಕಾರ್ಯದರ್ಶಿ ಹೀಗೆ ವಿರೋಧ ಪಕ್ಷದವರ ಜೊತೆ ಚಹಾ ಕುಡಿದರೆ ಸಂಜೆಯೊಳಗೆ ಯಾವುದೋ ಮೂಲೆಗೆ ವರ್ಗ.

ಹಾಗಂತ ನಮ್ಮಲ್ಲಿ ಏನೂ ಇಲ್ಲ ಅಂತಲ್ಲ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಲೋಕಸಭೆಯಲ್ಲಿ 1967ರಿಂದ ಅದರ ಅಧ್ಯಕ್ಷಗಿರಿ ವಿರೋಧ ಪಕ್ಷಕ್ಕೆ, ನಮ್ಮ ವಿಧಾನಮಂಡಲದಲ್ಲೂ ಅದೇ ರೂಢಿ. ಮಹಾಲೇಖಪಾಲರ ವರದಿ ಇಟ್ಟುಕೊಂಡು ಇಲಾಖೆಯ ಅಧಿಕಾರಿಗಳನ್ನೇ ಎದುರು ಕೂರಿಸಿ, ಈ ದುಡ್ಡು ಯಾಕೆ ಖರ್ಚಾಗಲಿಲ್ಲ, ಆ ಕಾಮಗಾರಿ ಯಾಕೆ ನಿಂತಿತು ಅಂತ ಸಾಲು ಸಾಲಾಗಿ ಕೇಳಬಹುದು. ಮುಂದೆ ಮಂತ್ರಿಯಾಗಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಒಂದೇ ತೊಂದರೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ, ಟಿ.ವಿ. ಕ್ಯಾಮೆರಾ ಇರುವುದಿಲ್ಲ. ಸದನದ ಬಾವಿಗಿಳಿದರೆ ರಾತ್ರಿ ಒಂಬತ್ತರ ಸುದ್ದಿಯಲ್ಲಿ ಮುಖ ಬರುತ್ತದೆ. ಮಂತ್ರಿ ಸದನದಲ್ಲೇ ಬಾಯಿ ಬಿಟ್ಟು ಉತ್ತರ ಕೊಡಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ಕೇಳಿ ಸುಮ್ಮನೆ ಕೂತರೆ ಕ್ಷೇತ್ರದ ಹುಡುಗರೇ, "ಏನಣ್ಣ, ಒಂದು ಗಲಾಟೆನೂ ಮಾಡ್ಲಿಲ್ಲ" ಅಂತಾರೆ. ವರ್ಷಕ್ಕೆ 60 ದಿನ ಸದನ ನಡೆಯಬೇಕು ಅಂತ 2005ರಲ್ಲಿ ನಾವೇ ಕಾಯ್ದೆ ಮಾಡಿಕೊಂಡೆವು. ಅಷ್ಟು ನಡೆದ ವರ್ಷ ಹುಡುಕಬೇಕು.

ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಕಾಲೇಜಿನ ಹುಡುಗಿಯೊಬ್ಬಳು, "ಸಾರ್, ನೀವು ಹೇಳಿದ ಕಡತ ಕಟ್ಟೋಕೆ ವಿರೋಧ ಪಕ್ಷದವರಿಗೆ ಜನ ಎಲ್ಲಿ, ದುಡ್ಡೆಲ್ಲಿ?" ಅಂದಳು. ಸರಿಯಾದ ಪ್ರಶ್ನೆ. ನಮ್ಮಲ್ಲಿ ವಿರೋಧ ಪಕ್ಷದ ನಾಯಕನಿಗೆ ಸಂಪುಟ ದರ್ಜೆ, ಕಾರು, ಸಿಬ್ಬಂದಿ ಇದೆ. ಉಳಿದ ಶಾಸಕನಿಗೆ ಇರುವ ಆಪ್ತ ಸಹಾಯಕನ ಹೊತ್ತೆಲ್ಲ ಮದುವೆ, ಗೃಹಪ್ರವೇಶ, ಸಾವಿನ ಮನೆಯ ಪಟ್ಟಿ ಮಾಡುವುದರಲ್ಲೇ ಹೋಗುತ್ತದೆ. ಬ್ರಿಟನ್ನಿನಲ್ಲಿ 1975ರಿಂದ ವಿರೋಧ ಪಕ್ಷಗಳ ಸಂಸದೀಯ ಕೆಲಸಕ್ಕೆಂದೇ ಸರ್ಕಾರಿ ಹಣ ಕೊಡುತ್ತಾರೆ. ಇಲ್ಲಿ ಅಂಥದ್ದು ಕೊಡಿ ಅಂತ ಯಾವ ಪಕ್ಷವೂ ಗಟ್ಟಿಯಾಗಿ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ನಾನು ಆ ಹುಡುಗಿಗೆ, ನೀನೇ ರಾಜ್ಯಶಾಸ್ತ್ರ ಓದುತ್ತಿದ್ದರೆ ನಿಮ್ಮ ಶಾಸಕರ ಹತ್ತಿರ ಹೋಗಿ ಎರಡು ತಿಂಗಳು ಬಜೆಟ್ ಪುಸ್ತಕ ಓದಿ ಹೇಳುತ್ತೇನೆ ಅನ್ನು ಅಂದೆ. "ಯಾವ ಪಕ್ಷದ ಶಾಸಕರಾದ್ರೂ ಆಗುತ್ತಾ?" ಅಂದಳು. ಸೋತವರಾದರೆ ಇನ್ನೂ ಒಳ್ಳೆಯದು, ಅವರಿಗೆ ಪುರಸೊತ್ತಿರುತ್ತದೆ ಅಂದೆ.

ಇನ್ನೊಬ್ಬರು ವಯಸ್ಸಾದವರು, ಕೊಡೆ ಮಡಚಿಕೊಂಡು ಎದ್ದು ನಿಂತು, ತಮ್ಮ ನಮೂನೆ 57ರ ಬಗರ್ ಹುಕುಂ ಅರ್ಜಿ ಎಲ್ಲಿದೆ ಅಂತ ಕೇಳಿದರು. ನಾನು ರಿಟೈರಾಗಿ ಹತ್ತು ವರ್ಷದ ಮೇಲಾಯಿತು ಅಂದರೂ ಬಿಡಲಿಲ್ಲ. ಕೊನೆಗೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಆ ಹನ್ನೊಂದು ನಿಲ್ದಾಣ ಬರೆದು ತೋರಿಸಿದೆ. ಮೂರನೆಯದರಲ್ಲಿ ಗ್ರಾಮ ಲೆಕ್ಕಿಗ ಅಂತ ಬರೆದಿದ್ದೆ. ಹಿಂದಿನ ಸಾಲಿನಿಂದ ಯಾರೋ, "ಈಗ ಹಾಗೆ ಅನ್ನಂಗಿಲ್ಲ ಸಾರ್, ಗ್ರಾಮ ಆಡಳಿತ ಅಧಿಕಾರಿ" ಅಂದರು. ಒರೆಸಿ ತಿದ್ದಿದೆ. ಆ ಅಜ್ಜ ಮೊಮ್ಮಗನ ಕೈಲಿ ಬೋರ್ಡಿನ ಫೋಟೋ ತೆಗೆಸಿಕೊಂಡು, ಆರನೇ ಸಾಲಿನ ಮೇಲೆ ಬೆರಳಿಟ್ಟು, "ನಂದು ಇಲ್ಲೇ ಇರ್ಬೇಕು" ಅಂದರು.